ಮಳೆ ನಕ್ಷತ್ರ ಹಿಡಿದು ಆಕಾಶ ಕಲಿತದ್ದು

ಶಿರಸಿ ಕಡೆಯ ನಮಗೆ ನಕ್ಷತ್ರಗಳ ಹೆಸರು ಬಾಯಿಪಾಠ. ರೋಹಿಣಿ, ಮೃಗಶಿರ, ಆರ್ದ್ರಾ, ಪುನರ್ವಸು, ಪುಷ್ಯ... ಯಾವ ಮಳೆ ಯಾವತ್ತು ಶುರು ಅಂತ ಮನೆಮನೆಯಲ್ಲೂ ಪಂಚಾಂಗ ನೋಡುತ್ತಾರೆ. ಆದರೆ ಆರ್ದ್ರಾ ಆಕಾಶದಲ್ಲಿ ಎಲ್ಲಿದೆ ಅಂತ ಬೆರಳು ತೋರಿಸುವವರು ಕಡಿಮೆ. ನಾನು ನಕ್ಷತ್ರಪುಂಜ ಕಲಿತದ್ದು ಇದೇ ಪಟ್ಟಿ ಹಿಡಿದು. ಒಟ್ಟು 88 ಪುಂಜಗಳಿವೆ, ಅಷ್ಟನ್ನೂ ಒಟ್ಟಿಗೆ ತಲೆಗೆ ಹಾಕಿಕೊಳ್ಳಲು ಹೋಗಲಿಲ್ಲ.

ಆರ್ದ್ರಾ ಮಳೆ ಅಂದರೆ ಸೂರ್ಯ ಆರ್ದ್ರಾ ನಕ್ಷತ್ರದ ಕಡೆ ಇರುವ ಕಾಲ. ಜೂನ್ 22ರ ಆಸುಪಾಸಿನಿಂದ ಸುಮಾರು ಎರಡು ವಾರ. ಆಗ ಅದು ಸೂರ್ಯನ ಜೊತೆಗೇ ಮೂಡಿ ಮುಳುಗುತ್ತದೆ, ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ಆರು ತಿಂಗಳು ಕಳೆದು ಡಿಸೆಂಬರ್ ಬಂದರೆ ಹೆಚ್ಚುಕಡಿಮೆ ರಾತ್ರಿಯಿಡೀ ಕಾಣುತ್ತದೆ. ನಮ್ಮಲ್ಲಿ ಅಡಿಕೆ ಸುಲಿಯುವ ದಿನಗಳು ಅವು. ಆಕಾಶವೂ ತೊಳೆದಿಟ್ಟ ಹಾಗಿರುತ್ತದೆ.

ಅಮಾವಾಸ್ಯೆಯ ಹಿಂದೆಮುಂದೆ, ಊಟ ಮುಗಿಸಿ ಅಂಗಳದ ಲೈಟ್ ಆರಿಸಿ ಕೂರುತ್ತಿದ್ದೆ. ಕತ್ತಲೆಗೆ ಕಣ್ಣು ಒಗ್ಗಲು ಇಪ್ಪತ್ತು ನಿಮಿಷ ಬೇಕು. ನಡುವೆ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡರೆ ತೊಂದರೆಯಿಲ್ಲ.

ರಾತ್ರಿ ಹತ್ತರ ಹೊತ್ತಿಗೆ ಪೂರ್ವಕ್ಕೆ ಮುಖ ಮಾಡಿ. ಒಂದೇ ಗೆರೆಯಲ್ಲಿ, ಒಂದರ ಮೇಲೊಂದರಂತೆ ಮೂರು ಚುಕ್ಕೆ ಕಾಣುತ್ತವೆ. ಅದು ಮಹಾವ್ಯಾಧ ಅನ್ನುವ ಬೇಟೆಗಾರನ ಪುಂಜದ (ಓರಿಯನ್) ಸೊಂಟಪಟ್ಟಿ. ಅದರ ಎಡಕ್ಕೆ ಕೆಂಪಗೆ ಹೊಳೆಯುವುದೇ ಆರ್ದ್ರಾ. ಆರ್ದ್ರಾದ ಮೇಲೆ, ತುಸು ಎಡಕ್ಕೆ, ಒತ್ತೊತ್ತಾಗಿ ಮೂರು ಮಂಕು ಚುಕ್ಕೆ. ಅದು ಮೃಗಶಿರ. ಸೊಂಟಪಟ್ಟಿಯ ಗೆರೆಯನ್ನು ಮೇಲಕ್ಕೆ ಎಳೆದರೆ ರೋಹಿಣಿ, ಇನ್ನೂ ಮೇಲೆ ಕೃತ್ತಿಕೆಯ ಗೊಂಚಲು. ಕೆಳಕ್ಕೆ ಎಳೆದರೆ ಲುಬ್ಧಕ. ಸೂರ್ಯನನ್ನು ಬಿಟ್ಟರೆ ನಮಗೆ ಕಾಣುವ ನಕ್ಷತ್ರಗಳಲ್ಲೆಲ್ಲ ಅದರ ಹೊಳಪೇ ಜಾಸ್ತಿ. ಸೊಂಟಪಟ್ಟಿಯ ಮೂರು ಚುಕ್ಕೆ ಸಿಕ್ಕಿದರೆ ಅರ್ಧ ಕೆಲಸ ಆಯ್ತು ಅಂತಲೇ ಲೆಕ್ಕ.

ಪುನರ್ವಸು ಜೋಡಿ ಚುಕ್ಕೆ, ಬೇಗ ಸಿಗುತ್ತದೆ. ಪುಷ್ಯ ಹಾಗಲ್ಲ. ಮಳೆ ಎಷ್ಟು ಜೋರೋ ನಕ್ಷತ್ರ ಅಷ್ಟು ಮಂಕು. ಪುನರ್ವಸುವಿಗೂ ಮಘೆಗೂ ನಡುವಿನ ಖಾಲಿ ಜಾಗದಲ್ಲಿ ತಾಳ್ಮೆಯಿಂದ ಹುಡುಕಬೇಕು.

ತೋಟದ ಮನೆಯವರಿಗೆ ಒಂದು ಕಷ್ಟ ಇದೆ. ಸುತ್ತ ಗುಡ್ಡ, ಅಡಿಕೆ ಮರ. ನೆತ್ತಿಯ ಮೇಲಿನದಷ್ಟೇ ಕಾಣುತ್ತದೆ. ಅದಕ್ಕೇ ಫೆಬ್ರವರಿ ಕೊನೆಗೆ ಬನವಾಸಿ ಕಡೆಯ ಗದ್ದೆ ಬಯಲಿಗೆ ಹೋದೆ. ರಾತ್ರಿ ಹನ್ನೊಂದಕ್ಕೆ ಪಶ್ಚಿಮದಲ್ಲಿ ಕೃತ್ತಿಕೆ ಇಳಿಯುತ್ತಿತ್ತು, ಪೂರ್ವದಲ್ಲಿ ಚಿತ್ತೆ ಏರುತ್ತಿತ್ತು. ರೋಹಿಣಿಯಿಂದ ಚಿತ್ತೆಯವರೆಗೆ ಒಂದು ಇಡೀ ಮಳೆಗಾಲ ಸಾಲಾಗಿ ತಲೆಯ ಮೇಲಿತ್ತು. ಅಷ್ಟು ಖುಷಿ ನನಗೆ ಯಾವ ಪುಸ್ತಕದ ಪಟದಿಂದಲೂ ಆಗಿರಲಿಲ್ಲ.

ಈ ಸಾಲಿನಲ್ಲಿ ಪಟ್ಟಿಯಲ್ಲಿಲ್ಲದ ಚುಕ್ಕೆಯೊಂದು ಮಿನುಗದೆ ಹೊಳೆಯುತ್ತಿದ್ದರೆ ಗಾಬರಿ ಬೇಡ, ಅದು ಗ್ರಹ. ಗುರು, ಶನಿ, ಮಂಗಳ ಓಡಾಡುವುದೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ. ಅನುಮಾನ ಬಂದರೆ ಮನೆಗೆ ಬಂದ ಮೇಲೆ ಸ್ಟೆಲೇರಿಯಂ ಆ್ಯಪಿನಲ್ಲಿ ನೋಡಿಕೊಳ್ಳಿ.