ಟೊಮೇಟೊ ಕಡ್ಡಿಗೇ ಬೀನ್ಸ್ ಬಳ್ಳಿ: ನನ್ನ ಅನುಭವ

ಮಾಲೂರು ಹತ್ತಿರ ನನ್ನದು ಅರ್ಧ ಎಕರೆ ತರಕಾರಿ ತೋಟ. ಬೇಸಿಗೆ ಟೊಮೇಟೊ ಮುಗಿಯುವಾಗ ಜುಲೈ ಕೊನೆ. ಗಿಡ ಕಿತ್ತು, ಕಡ್ಡಿ ತೆಗೆದು, ಸಾಲಿಗೆ ಹೊದಿಸಿದ ಪ್ಲಾಸ್ಟಿಕ್ ಮಲ್ಚಿಂಗ್ ಶೀಟ್ ಸುತ್ತಿ, ಉಳುಮೆ ಮಾಡುವಷ್ಟರಲ್ಲಿ ಸೆಪ್ಟೆಂಬರ್ ಬಂದುಬಿಡುತ್ತದೆ. ನಮ್ಮ ಕಡೆ ಜೋರು ಮಳೆ ಆಗಲೇ ಅಲ್ವಾ? ಮೊದಲ ವರ್ಷ ಹಸ್ತೆ, ಚಿತ್ತೆ ಮಳೆಗೆ ಬೀನ್ಸ್ ಹೂವೆಲ್ಲ ಉದುರಿತು. ಮೂವತ್ತು ಸಾವಿರ ಹೋಯ್ತು.

ಮರುವರ್ಷ ಉಳದೆ, ಅದೇ ಶೀಟಿನ ತೂತಲ್ಲಿ ಸೌತೆ ಹಾಕಿದೆ. ತಿಂಗಳೊಳಗೆ ಬಳ್ಳಿ ಬಾಡಿತು. "ಉಳದೆ ಬೆಳೆ ಬರಲ್ಲ ಅಂತ ಹೇಳಿದ್ನಲ್ಲಪ್ಪಾ" ಅಂದರು ಚಿಕ್ಕಪ್ಪ. ಕಿತ್ತು ನೋಡಿದರೆ ಬೇರೆಲ್ಲ ಮಣಿ ಪೋಣಿಸಿದ ಹಾಗೆ ಗಂಟು. ಟೊಮೇಟೊ ಬೇರಲ್ಲಿದ್ದ ಜಂತುಹುಳು (ಬೇರಲ್ಲಿ ಗಂಟು ಮಾಡುವ ನೆಮಟೋಡ್) ಸೌತೆಗೂ ಹತ್ತಿತ್ತು. ಅದು ಬೀನ್ಸನ್ನೂ ಬಿಡುವುದಿಲ್ಲ.

ಹಾಗಾಗಿ ಹೋದ ವರ್ಷ ಮೊದಲು ಬೇರು ನೋಡಿದೆ. ಸಾಲಿಗೆ ನಾಲ್ಕೈದು ಗಿಡ ಕಿತ್ತೆ. ಆರು ಸಾಲಲ್ಲಿ ಗಂಟಿತ್ತು. ಅಲ್ಲಿನ ಗಿಡಗಳನ್ನು ಬೇರು ಸಮೇತ ತೆಗೆದು, ಹುಳು ತಗ್ಗಲಿ ಅಂತ ಚೆಂಡು ಹೂ ನೆಟ್ಟೆ. ಉಳಿದ ಸಾಲಲ್ಲಿ ಟೊಮೇಟೊ ಕೊನೆಯ ಎರಡು ಕೊಯ್ಲು ಬಾಕಿ ಇರುವಾಗಲೇ ಗಿಡಗಳ ಮಧ್ಯೆ ಹೊಸ ತೂತು ಮಾಡಿ ಬಳ್ಳಿ ಬೀನ್ಸ್ ಊರಿದೆ. ನೆರಳಿಗೆ ಮೊಳಕೆ ಸುಡಲಿಲ್ಲ. ಹದಿನೈದು ದಿನ ಬಿಟ್ಟು ಟೊಮೇಟೊ ಬುಡ ಕತ್ತರಿಸಿ ಸೊಪ್ಪನ್ನು ತೋಟದಿಂದ ಆಚೆ ಹಾಕಿದೆ. ಕೀಳಬೇಡಿ, ಶೀಟ್ ಹರಿಯುತ್ತದೆ. ತೂತಿಗೆ ಒಂದು ಹಿಡಿ ಬೇವಿನ ಹಿಂಡಿ, ಟ್ರೈಕೋಡರ್ಮ (ಬೇರು ಕೊಳೆ ತಡೆಯುವ ಒಳ್ಳೆಯ ಶಿಲೀಂಧ್ರ) ಕಲಸಿದ ಕೊಟ್ಟಿಗೆ ಗೊಬ್ಬರ. ಜೊತೆಗೆ ಇನ್ನೊಂದು ಹಾಕುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಒಂದು ಎಡವಟ್ಟಾಯಿತು. ಬೇಸಿಗೆ ಅಭ್ಯಾಸದಲ್ಲಿ ದಿನಾ ಡ್ರಿಪ್ ಬಿಟ್ಟು ಎರಡು ಸಾಲು ಬೀಜ ಕೊಳೆಸಿದೆ. ಮತ್ತೆ ಊರಬೇಕಾಯಿತು. ಈಗ ಶೀಟ್ ಎತ್ತಿ ಮಣ್ಣು ಹಿಚುಕಿ ನೋಡದೆ ವಾಲ್ವ್ ಮುಟ್ಟುವುದಿಲ್ಲ. ಸಾಲುಗಳ ನಡುವಿನ ಕಾಲುವೆಯಲ್ಲಿ ಸುಮ್ನೆ ಕೊತ್ತಂಬರಿ ಚೆಲ್ಲಿದ್ದೆ, ಒಂದೇ ಮಳೆಗೆ ಕೊಚ್ಚಿಹೋಯ್ತು.

ಶೀಟ್, ಕಡ್ಡಿ, ಕೂಲಿ ಸೇರಿ ಹತ್ತಿರ ಹತ್ತಿರ 25 ಸಾವಿರ ಖರ್ಚು ಉಳಿಯಿತು. ಜಾಸ್ತಿ ಮಳೆ ಹಿಡಿಯುವ ಮೊದಲೇ ಬೀನ್ಸ್ ಕಾಯಿ ಕಚ್ಚಿತ್ತು. ಒಂದೂವರೆ ಟನ್ ಮೇಲೆ ಬಂತು. ಕಿಲೋಗೆ 30ರಿಂದ 45ರವರೆಗೆ ಸಿಕ್ಕಿತು. ಚೆಂಡು ಹೂ ಆಯುಧಪೂಜೆಗೆ ಸರಿಯಾಗಿ ಬಂದು ಎಂಟು ಸಾವಿರ ಕೊಟ್ಟಿತು. ಊರಲ್ಲಿ ಯಾರೂ ಆ ಹೊತ್ತಿಗೆ ಬೀನ್ಸ್ ಕೊಯ್ದಿರಲಿಲ್ಲ.

ಈ ಸಲ ಚಿಕ್ಕಪ್ಪ ತಮ್ಮ ಟೊಮೇಟೊ ಕಡ್ಡಿ ಇನ್ನೂ ಕಿತ್ತಿಲ್ಲ. ನಿನ್ನೆ ಬಂದು ಬೀಜ ಯಾವುದು ಅಂತ ಕೇಳಿಕೊಂಡು ಹೋದರು.