ಮಿನ್ನೆಸೋಟದ ಚಳಿಯಲ್ಲಿ ಮನೆಯ ಕಿಟಕಿ ಬದಲಿಸುವವರಿಗೆ

ಮಿನ್ನಿಯಾಪೊಲಿಸ್ ಸುತ್ತಮುತ್ತ ಹಳೆಯ ಮನೆ ಕೊಂಡ ನಮ್ಮವರು ಮೊದಲ ಚಳಿಗಾಲದಲ್ಲೇ ಕಿಟಕಿಗಳನ್ನೆಲ್ಲ ಬದಲಿಸಬೇಕೇ ಎಂದು ಕೇಳತೊಡಗುತ್ತಾರೆ. 2019ರ ಜನವರಿ 30ರಂದು ಇಲ್ಲಿನ ಉಷ್ಣತೆ ಮೈನಸ್ 28 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಸುಮಾರು ಮೈನಸ್ 33 ಸೆಲ್ಸಿಯಸ್‌ಗೆ ಇಳಿದಿತ್ತು. ಅಂಥ ಊರಿನಲ್ಲಿ ಈ ಪ್ರಶ್ನೆ ಸಹಜವಾದದ್ದೇ. ಆದರೆ ಮಾರಾಟಗಾರರನ್ನು ಮನೆಗೆ ಕರೆಯುವ ಮೊದಲು ತೊಂದರೆ ಎಲ್ಲಿದೆ ಎಂಬುದನ್ನು ನೀವೇ ಪತ್ತೆಹಚ್ಚಿಕೊಳ್ಳಬೇಕು.

ಗಾಳಿ ಜೋರಾಗಿರುವ ದಿನ ಒಂದು ಊದುಬತ್ತಿ ಹಚ್ಚಿ, ಪರದೆಗಳನ್ನು ಬದಿಗೆ ಸರಿಸಿ, ಅದನ್ನು ಕಿಟಕಿಯ ಅಂಚಿನುದ್ದಕ್ಕೂ ನಿಧಾನವಾಗಿ ಹಿಡಿದುಕೊಂಡು ಹೋಗಿ. ನೇರವಾಗಿ ಏಳುತ್ತಿದ್ದ ಹೊಗೆ, ಕಿಟಕಿಯ ಬಾಗಿಲು ಚೌಕಟ್ಟಿಗೆ ಕೂಡುವ ಕಡೆ ಓಲಾಡಿದರೆ, ಸವೆದ ರಬ್ಬರ್ ಪಟ್ಟಿಯನ್ನು ಬದಲಿಸಿದರೆ ಸಾಕಾಗಬಹುದು. ಅದಕ್ಕೆ ಆಗುವ ಖರ್ಚು ಅಲ್ಪ. ಚೌಕಟ್ಟು ಗೋಡೆಗೆ ಕೂಡುವ ಕಡೆ ಓಲಾಡಿದರೆ ಸೋರಿಕೆ ಗೋಡೆಯ ಸಂದಿಯಲ್ಲಿದೆ, ಎಷ್ಟೇ ದುಬಾರಿ ಗಾಜು ಹಾಕಿಸಿದರೂ ಅದು ನಿಲ್ಲುವುದಿಲ್ಲ. ಎರಡು ಗಾಜುಗಳ ನಡುವೆ ಒರೆಸಲಾಗದ ಮಂಜು ಕಟ್ಟಿದ್ದರೆ ಅವುಗಳ ಬೆಸುಗೆ ಒಡೆದಿದೆ ಎಂದರ್ಥ. ಚೌಕಟ್ಟು ಗಟ್ಟಿಯಾಗಿದ್ದರೆ ಗಾಜಿನ ಅಂಗಡಿಯವರು ಗಾಜಿನ ಜೋಡಿಯನ್ನಷ್ಟೇ ಬದಲಿಸಿಕೊಡುತ್ತಾರೆ. ಒಳಮೈಯಲ್ಲಿ ನೀರು ಹನಿಯುತ್ತಿದ್ದರೆ ಮೊದಲು ಅಡುಗೆಮನೆಯ ಕಡೆ ನೋಡಿ. ಇಡ್ಲಿ ಪಾತ್ರೆಯ ಹಬೆ, ಕುಕ್ಕರಿನ ಆವಿ, ಒಳಗೇ ಒಣಹಾಕಿದ ಬಟ್ಟೆ ಎಲ್ಲವೂ ತಣ್ಣನೆಯ ಗಾಜಿನ ಮೇಲೆ ಬಂದು ಕೂರುತ್ತವೆ. ಹೊರಗೆ ಸೊನ್ನೆ ಫ್ಯಾರನ್‌ಹೀಟ್‌ಗಿಂತ ಕೆಳಗಿರುವಾಗ ಒಳಗಿನ ತೇವಾಂಶ ಶೇಕಡಾ 25ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು.

ಇಷ್ಟೆಲ್ಲ ನೋಡಿದ ಮೇಲೂ ಬದಲಿಸುವುದೇ ಸರಿ ಎನಿಸಿದರೆ, ಹೊಸ ಕಿಟಕಿಯ ಮೇಲೆ ಅಂಟಿಸಿರುವ, ಕಿಟಕಿಗಳಿಗೆ ಅಂಕ ಕೊಡುವ ಎನ್‌ಎಫ್‌ಆರ್‌ಸಿ ಸಂಸ್ಥೆಯ ಚೀಟಿಯನ್ನು ಓದುವುದನ್ನು ಕಲಿಯಿರಿ. ಅದರಲ್ಲಿರುವ ಯು-ಫ್ಯಾಕ್ಟರ್ ಶಾಖ ಎಷ್ಟು ಬೇಗ ಹೊರಹೋಗುತ್ತದೆ ಎಂಬುದರ ಅಳತೆ. ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ಹಳೆಯ ಒಂಟಿ ಗಾಜಿಗೆ ಅದು ಸುಮಾರು 1 ಇದ್ದರೆ, ಶಾಖ ಹೊರಹೋಗದಂತೆ ತಡೆಯುವ ಲೋ-ಇ ಎಂಬ ತೆಳು ಲೇಪನವೂ ನಡುವೆ ಆರ್ಗಾನ್ ಅನಿಲವೂ ಇರುವ ಜೋಡಿ ಗಾಜಿಗೆ 0.30ರ ಸುತ್ತಮುತ್ತ ಇರುತ್ತದೆ. 2023ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ, ಇಂಧನ ಉಳಿಸುವ ಸಾಮಗ್ರಿಗಳಿಗೆ ಅಮೆರಿಕ ಸರ್ಕಾರ ಕೊಡುವ ಎನರ್ಜಿ ಸ್ಟಾರ್ ಗುರುತು ಸಿಗಬೇಕಾದರೆ ನಮ್ಮ ಉತ್ತರ ವಲಯದಲ್ಲಿ ಯು-ಫ್ಯಾಕ್ಟರ್ 0.22 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಬಿಸಿಲಿನ ಶಾಖವನ್ನು ಹೆಚ್ಚಾಗಿ ಒಳಬಿಡುವ ಗಾಜಿಗೆ 0.26ರವರೆಗೂ ರಿಯಾಯಿತಿ ಇದೆ. ಆ ಶಾಖದ ಅಂಕವನ್ನು ಚೀಟಿಯಲ್ಲಿ ಎಸ್‌ಎಚ್‌ಜಿಸಿ ಎಂದು ಬರೆದಿರುತ್ತಾರೆ. ಬಿಸಿಲನ್ನು ಹೊರಗಿಡುವುದೇ ಒಳ್ಳೆಯ ಕಿಟಕಿಯ ಲಕ್ಷಣವೆಂದು ಬಳ್ಳಾರಿ, ಕಲಬುರಗಿ ಕಡೆಯಿಂದ ಬಂದವರಿಗೆ ತೋರುವುದು ಸಹಜ. ಆದರೆ ಇಲ್ಲಿ ಚಳಿಗಾಲದ ಸೂರ್ಯ ದಕ್ಷಿಣದಲ್ಲಿ ತಗ್ಗಾಗಿ ಸಾಗುವುದರಿಂದ, ದಕ್ಷಿಣದ ಕಿಟಕಿಗಳಿಗೆ ಈ ಅಂಕ ಹೆಚ್ಚಿರುವ ಗಾಜನ್ನೇ ಕೇಳಿ ಹಾಕಿಸಿಕೊಳ್ಳಿ.

ಮೇಲೆ ಕೆಳಗೆ ಜಾರುವ ಡಬಲ್ ಹಂಗ್ ಕಿಟಕಿಗಿಂತ, ಹಿಡಿಕೆ ತಿರುಗಿಸಿ ಹೊರಕ್ಕೆ ತೆರೆಯುವ ಕೇಸ್‌ಮೆಂಟ್ ಕಿಟಕಿ ರಬ್ಬರಿಗೆ ಒತ್ತಿಕೊಂಡು ಮುಚ್ಚುವುದರಿಂದ ಗಾಳಿಯನ್ನು ಚೆನ್ನಾಗಿ ತಡೆಯುತ್ತದೆ. ಚೌಕಟ್ಟು ವಿನೈಲ್, ಫೈಬರ್‌ಗ್ಲಾಸ್, ಮರ ಯಾವುದಾದರೂ ಆದೀತು. ಶಾಖ ತಡೆಯುವ ಪಟ್ಟಿ ಇಲ್ಲದ ಅಲ್ಯೂಮಿನಿಯಂ ಮಾತ್ರ ಬೇಡ.

ನನ್ನ ಅನುಭವದಲ್ಲಿ ಕಿಟಕಿಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಮುಖ್ಯವಾದದ್ದು ಕೂರಿಸುವ ಕೆಲಸ. ನಮ್ಮ ಮೊದಲ ಮನೆಯಲ್ಲಿ ಹಳೆಯ ಚೌಕಟ್ಟನ್ನು ಹಾಗೇ ಬಿಟ್ಟು ಅದರೊಳಗೆ ಹೊಸ ಕಿಟಕಿ ಕೂರಿಸುವ ಇನ್ಸರ್ಟ್ ಪದ್ಧತಿಯನ್ನು, ಅಗ್ಗವೆಂಬ ಕಾರಣಕ್ಕೆ ಒಪ್ಪಿಕೊಂಡೆವು. ಮುಂದಿನ ಜನವರಿಯಲ್ಲಿ ಮಗುವಿನ ಕೋಣೆಯ ಕಿಟಕಿಯ ಕೆಳಗೆ ಕೈಯಿಟ್ಟರೆ ತಣ್ಣನೆಯ ಗಾಳಿ ನುಗ್ಗುತ್ತಿತ್ತು. ಅಲಂಕಾರದ ಪಟ್ಟಿ ಕಿತ್ತು ನೋಡಿದಾಗ ಕೆಳಗಿನ ಮರ ಬೆರಳಿಗೆ ಪುಡಿಯಾಗುವಷ್ಟು ಕೊಳೆತಿತ್ತು, ಸಂದಿಯಲ್ಲಿ ಫೋಮ್ ಇರಲೇ ಇಲ್ಲ. ಆದ್ದರಿಂದ ಹಳೆಯ ಮರಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿಸಿ. ಅದು ಮೆತ್ತಗಿದ್ದರೆ ಖರ್ಚು ಹೆಚ್ಚಾದರೂ ಚೌಕಟ್ಟಿನ ಸಮೇತ ಬದಲಿಸಿ. ಸಂದಿಗೆ ಕಡಿಮೆ ಉಬ್ಬುವ ಫೋಮ್, ಹೊರಗೆ ನೀರು ತಡೆಯುವ ಫ್ಲ್ಯಾಶಿಂಗ್ ಎಂಬ ಮಾತು ಒಪ್ಪಂದದಲ್ಲೇ ಬರೆದಿರಲಿ.

ಕನಿಷ್ಠ ಮೂವರಿಂದ ದರ ಪಡೆಯಿರಿ, ರಾಜ್ಯದ ಪರವಾನಗಿ ಇದೆಯೇ ನೋಡಿ. ಇವತ್ತೇ ಸಹಿ ಹಾಕಿದರೆ ಮಾತ್ರ ಈ ಬೆಲೆ ಎನ್ನುವವರ ಒತ್ತಡಕ್ಕೆ ಮಣಿಯಬೇಡಿ. ಮಣಿದಿದ್ದರೂ, ಮನೆಯಲ್ಲೇ ನಡೆದ ಇಂಥ ಮಾರಾಟವನ್ನು ಮೂರು ಕೆಲಸದ ದಿನಗಳೊಳಗೆ ರದ್ದುಪಡಿಸಲು ಕಾನೂನು ಅವಕಾಶ ಕೊಡುತ್ತದೆ. 1978ಕ್ಕಿಂತ ಹಿಂದೆ ಕಟ್ಟಿದ ಮನೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ, ಅದನ್ನು ಸುರಕ್ಷಿತವಾಗಿ ನಿಭಾಯಿಸುವ ಪ್ರಮಾಣಪತ್ರ ಇದ್ದವರಿಗಷ್ಟೇ ಕೆಲಸ ಒಪ್ಪಿಸಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಇದನ್ನು ಖಂಡಿತ ಕಡೆಗಣಿಸಬೇಡಿ. ಮಲಗುವ ಕೋಣೆಯ ಕಿಟಕಿ ಬೆಂಕಿ ಬಿದ್ದಾಗ ಹೊರಬರುವ ದಾರಿಯೂ ಹೌದು. ಇನ್ಸರ್ಟ್ ಹಾಕಿಸಿದರೆ ಆ ದಾರಿ ಕಿರಿದಾಗುತ್ತದೆ, ಹಾಗಾಗಿ ಎಷ್ಟು ಅಗಲ ತೆರೆಯಬೇಕೆಂದು ನಗರದ ಕಚೇರಿಯಲ್ಲಿ ಅನುಮತಿ ಪಡೆಯುವಾಗಲೇ ಕೇಳಿಕೊಳ್ಳಿ. ಕಿಟಕಿಗೆಂದು ಸಿಗುತ್ತಿದ್ದ 600 ಡಾಲರ್‌ವರೆಗಿನ ಕೇಂದ್ರ ತೆರಿಗೆ ವಿನಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ; ಅದನ್ನು ಲೆಕ್ಕಕ್ಕೆ ಸೇರಿಸಿ ಬೆಲೆ ಹೇಳುವವರನ್ನು ನಂಬಬೇಡಿ. ಕಿಟಕಿಗಳನ್ನು ಅಳತೆಗೆ ತಕ್ಕಂತೆ ತಯಾರಿಸಲು ವಾರಗಟ್ಟಲೆ ಹಿಡಿಯುವುದರಿಂದ, ಹಿಮ ಕರಗಿದ ಕೂಡಲೇ ಅಳತೆ ತೆಗೆಸಿದರೆ ಅಕ್ಟೋಬರಿನ ಒಳಗೆ ನೆಮ್ಮದಿಯಾಗಿ ಕೂರಿಸಿಕೊಳ್ಳಬಹುದು.