ಗಂಟಿನ ನಡುವಲ್ಲ, ಅಂಚು ನೋಡಿ: ಅನ್ಯೂರಿಸ್ಮಲ್ ಡರ್ಮಟೋಫೈಬ್ರೋಮಾ, ನನ್ನ ಅನುಭವ

ನಾನು ಪೆಥಾಲಜಿಸ್ಟ್, ಅಂದರೆ ತೆಗೆದ ಗಂಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದೇನೆಂದು ಹೇಳುವವಳು. ಅನ್ಯೂರಿಸ್ಮಲ್ ಡರ್ಮಟೋಫೈಬ್ರೋಮಾ ಅಂದರೆ ಒಳಗೆ ರಕ್ತ ತುಂಬಿದ, ಕ್ಯಾನ್ಸರ್ ಅಲ್ಲದ ಚರ್ಮದ ಗಂಟು. ಮೊದಲು ನನ್ನ ತಪ್ಪಿನಿಂದಲೇ ಶುರು ಮಾಡ್ತೀನಿ. ಆರೇಳು ವರ್ಷದ ಹಿಂದಿನ ಮಾತು. ಅಡಿಕೆ ತೋಟದ ಕೆಲಸದ ಒಬ್ಬ ಹೆಂಗಸು, ಮೂವತ್ತರ ಆಸುಪಾಸು. ಮೊಣಕಾಲಿನ ಕೆಳಗೆ ಕಪ್ಪು ನೀಲಿ ಗಂಟು. ಏಟು ಬಿದ್ದ ಮೇಲೆ ದಿಢೀರನೆ ದೊಡ್ಡದಾಯಿತಂತೆ. ಸರ್ಜನ್ ಚೀಟಿಯಲ್ಲಿ 'ಮೆಲನೋಮಾ?' (ಕಪ್ಪು ಬಣ್ಣದ ಚರ್ಮದ ಕ್ಯಾನ್ಸರ್) ಎಂದು ಬರೆದಿದ್ದರು. ಸ್ಲೈಡಿನಲ್ಲಿ ಎಲ್ಲಿ ನೋಡಿದರೂ ರಕ್ತದ ಮಡುವು, ಸುತ್ತ ಒತ್ತೊತ್ತಾದ ಜೀವಕೋಶ, ಅಲ್ಲಲ್ಲಿ ಮೈಟೋಸಿಸ್ (ಕೋಶ ವಿಭಜನೆ). ನನಗೆ ಕೈ ನಡುಗಿತು. 'ಆಂಜಿಯೋಸಾರ್ಕೋಮಾ (ರಕ್ತನಾಳದ ಕ್ಯಾನ್ಸರ್) ಅಲ್ಲವೆಂದು ಹೇಳಲಾಗದು' ಎಂದು ಬರೆದು ಬೆಂಗಳೂರಿಗೆ ಕಳಿಸಿದೆ. ಐಎಚ್‌ಸಿ (ಕೋಶದ ಪ್ರೋಟೀನುಗಳನ್ನು ಪ್ರತಿಕಾಯಗಳಿಂದ ಗುರುತಿಸುವ ಪರೀಕ್ಷೆ), ಕೊರಿಯರ್, ಓಡಾಟ ಸೇರಿ ಆ ಮನೆಯವರಿಗೆ ಏನಿಲ್ಲವೆಂದರೂ 12-15 ಸಾವಿರ ಖರ್ಚಾಗಿರಬೇಕು. ಬಂದ ಉತ್ತರ: ಅನ್ಯೂರಿಸ್ಮಲ್ ಡರ್ಮಟೋಫೈಬ್ರೋಮಾ. ಪೂರ್ತಿ ತೆಗೆದರೆ ಮುಗೀತು ಅನ್ನುವಂಥ ಗಂಟು.

ಆ ಸ್ಲೈಡನ್ನು ತಿರುಗಿ ನೋಡಿದಾಗ ನಾಚಿಕೆಯಾಯಿತು. ಉತ್ತರ ಅಂಚಿನಲ್ಲೇ ಇತ್ತು. ಕೊಲಾಜನ್ (ಚರ್ಮಕ್ಕೆ ಗಟ್ಟಿತನ ಕೊಡುವ ನಾರು) ಉಂಡೆಗಳನ್ನು ಜೀವಕೋಶಗಳು ಸುತ್ತುವರಿದು ನಿಂತಿದ್ದವು. ಮೇಲಿನ ಎಪಿಡರ್ಮಿಸ್ (ಚರ್ಮದ ಹೊರಪದರ) ದಪ್ಪಗಾಗಿ, ಅದರ ಬುಡದ ಸಾಲು ಕಪ್ಪಾಗಿತ್ತು. ರಕ್ತದ ಮಡುವುಗಳಿಗೆ ರಕ್ತನಾಳಕ್ಕಿರುವಂಥ ಎಂಡೋಥೀಲಿಯಂ ಒಳಪದರವೇ ಇರಲಿಲ್ಲ, ಅಂದರೆ ಅವು ನಿಜವಾದ ರಕ್ತನಾಳಗಳಲ್ಲ. ನಾನು ನಡುವಿನ ರಕ್ತ ನೋಡಿ ಹೆದರಿ ಅಂಚಿಗೆ ಹೋಗಲೇ ಇಲ್ಲ.

ಅಂದಿನಿಂದ ಒಂದು ಪಣ. ಇಂಥ ಗಂಟು ಬಂದರೆ ಅಂಚಿನಿಂದ ಕನಿಷ್ಠ ಎರಡು ತುಂಡು, ಆರೇಳು ಲೆವೆಲ್ (ಬೇರೆ ಬೇರೆ ಆಳದ ತೆಳು ಪದರ), ಜೊತೆಗೆ ಪರ್ಲ್ಸ್ ಸ್ಟೈನ್ (ಕಬ್ಬಿಣ ಇದ್ದಲ್ಲಿ ನೀಲಿಯಾಗುವ ಬಣ್ಣ). ಸ್ನೇಹಿತರು ನಕ್ಕರು. 'ಐಎಚ್‌ಸಿ ಇಲ್ಲದೆ ಸೈನ್ ಮಾಡ್ತೀರಾ? ಧೈರ್ಯ ಕಣ್ರೀ' ಅಂದರು. ಐಎಚ್‌ಸಿಯಲ್ಲಿ ಒಂದು ಮಾರ್ಕರಿಗೆ (ಒಂದು ಪ್ರೋಟೀನಿನ ಪರೀಕ್ಷೆಗೆ) ಸಾವಿರದ ಮೇಲೆ, ನಾಲ್ಕೈದು ಮಾರ್ಕರ್ ಬೇಕು. ನಮ್ಮ ಕಡೆ ಎಷ್ಟು ಜನ ಕೊಡ್ತಾರೆ, ಹೇಳಿ? ಪರ್ಲ್ಸ್‌ಗೆ ಬೇಕಾದ ಪೊಟ್ಯಾಸಿಯಂ ಫೆರೋಸಯನೈಡ್ ಬಾಟಲಿ ಏಳ್ನೂರೋ ಎಂಟ್ನೂರೋ ಆಯಿತು. ಇನ್ನೂ ಅರ್ಧ ಉಳಿದಿದೆ.

ಆದರೆ ಪರ್ಲ್ಸ್ ನನ್ನನ್ನು ಚೆನ್ನಾಗಿ ಆಟ ಆಡಿಸಿತು. ಮೊದಲ ಸ್ಲೈಡ್ ಪೂರ್ತಿ ನೀಲಿ. ಪಕ್ಕದ ಒಳ್ಳೆಯ ಚರ್ಮವೂ ನೀಲಿ, ಬರೀ ಗಾಜೂ ನೀಲಿ! ಎರಡು ವಾರ ಆಸಿಡ್ ಬದಲಿಸಿದೆ, ಸಮಯ ಬದಲಿಸಿದೆ. ಕೊನೆಗೆ ನಮ್ಮ ಟೆಕ್ನಿಷಿಯನ್ ಹುಡುಗಿ ಬಕೆಟ್ ತೋರಿಸಿದಳು. 'ಮೇಡಂ, ಇದರ ತಳ ನೋಡಿ, ಕೆಂಪು.' ಬೋರ್‌ವೆಲ್ ನೀರಿನ ಕಬ್ಬಿಣ! ಅವತ್ತಿನಿಂದ ಎದುರಿನ ಗ್ಯಾರೇಜಿನ ಬ್ಯಾಟರಿ ನೀರಿನ (ಡಿಸ್ಟಿಲ್ಡ್ ವಾಟರ್) ಕ್ಯಾನು, ಪ್ಲಾಸ್ಟಿಕ್ ಚಿಮುಟ.

ಆಮೇಲೆ ಉಲ್ಟಾ ಆಯಿತು. ಹೀಮೋಸಿಡರಿನ್ (ಹಳೆಯ ರಕ್ತ ಬಿಟ್ಟುಹೋದ ಕಬ್ಬಿಣದ ಕಂದು ಕಣ) ಕಣ್ಣಿಗೆ ಕಾಣುತ್ತಿದ್ದರೂ ನೀಲಿ ಬರಲಿಲ್ಲ. ಗಂಟು ಕೆಡದಂತೆ ಹಾಕಿಡುವ, ಸರ್ಜನ್ ಕಡೆಯ ಫಾರ್ಮಲಿನ್ ಹಳೆಯದು, ಹುಳಿಯಾಗಿತ್ತು. ಆಸಿಡ್ ಕಬ್ಬಿಣವನ್ನು ಕರಗಿಸಿಬಿಡುತ್ತೆ. ಅಷ್ಟೇ ಅಲ್ಲ, ಫಾರ್ಮಲಿನ್ ಪಿಗ್ಮೆಂಟ್ (ಕಂದು ಕಣ) ಬೇರೆ ಕೂತು ಮೆಲನಿನ್ (ಚರ್ಮದ ಕಪ್ಪು ಬಣ್ಣ) ಥರ ಏಮಾರಿಸುತ್ತೆ. ಈಗ ಹುಳಿಯಾಗದಂತೆ ಫಾಸ್ಫೇಟ್ ಹಾಕಿದ ಫಾರ್ಮಲಿನ್ ಡಬ್ಬಿ ನಾವೇ ತುಂಬಿಸಿ ಕೊಡ್ತೀವಿ. ಡಬ್ಬಿಗೆ ದುಡ್ಡು ತೆಗೆದುಕೊಳ್ಳಲ್ಲ. ನಷ್ಟವೇನೂ ಆಗಿಲ್ಲ, ಸರ್ಜನ್‌ಗಳು ಬೇರೆ ಲ್ಯಾಬಿಗೆ ಹೋಗಿಲ್ಲ!

ಕಂಟ್ರೋಲ್‌ಗೆ (ಬಣ್ಣ ಸರಿಯಾಗಿ ಬರುತ್ತಿದೆಯೇ ಎಂದು ತಾಳೆ ನೋಡಲು) ಚಾಕೊಲೇಟ್ ಸಿಸ್ಟ್ (ಹಳೆಯ ರಕ್ತ ತುಂಬಿದ ಅಂಡಾಶಯದ ಚೀಲ) ಗೋಡೆಯ, ಮೇಣದಲ್ಲಿ ಕೂರಿಸಿದ ಬ್ಲಾಕ್ ಇಟ್ಟುಕೊಳ್ಳಿ, ಯಾವ ಲ್ಯಾಬಿನಲ್ಲೂ ಸಿಗುತ್ತೆ. ಅಂಚಿನ ತುಂಡನ್ನು ಮೇಣದಲ್ಲಿ ಹೇಗೆ ನಿಲ್ಲಿಸ್ತೀವಿ ಅನ್ನೋದು ಮಾತ್ರ ನಾನೂ ಆ ಹುಡುಗಿಯೂ ಸೇರಿ ಕಂಡುಕೊಂಡಿದ್ದು. ಅದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ಪರ್ಲ್ಸ್ ನೀಲಿ ಬಂದ ಮಾತ್ರಕ್ಕೆ ಡರ್ಮಟೋಫೈಬ್ರೋಮಾ ಅಂತಲ್ಲ. ಕಪೋಸಿ ಸಾರ್ಕೋಮಾದಲ್ಲೂ (ಇನ್ನೊಂದು ಬಗೆಯ ರಕ್ತನಾಳದ ಕ್ಯಾನ್ಸರ್) ಕಬ್ಬಿಣ ಇರುತ್ತೆ. ನೀಲಿ ಹೇಳೋದು ಇಷ್ಟೇ: ಈ ಕಂದು ಬಣ್ಣ ಮೆಲನಿನ್ ಅಲ್ಲ, ಹಳೆಯ ರಕ್ತ. ಹೆಸರು ಕೊಡೋದು ಅಂಚು. ಡರ್ಮಟೋಫೈಬ್ರೋಮಾದಲ್ಲಿ ಕಾಣುವ ಟೂಟಾನ್ ಕೋಶದೊಳಗೇ (ಹಲವು ನ್ಯೂಕ್ಲಿಯಸ್ ಇರುವ ದೊಡ್ಡ ಕೋಶ) ನೀಲಿ ಸಿಕ್ಕರೆ ನನಗೆ ಹಬ್ಬ.

ಇಲ್ಲಿವರೆಗೆ ಹದಿನಾಲ್ಕೋ ಹದಿನೈದೋ ಕೇಸಿನ ವರದಿ ಹೀಗೆ ಅಂಚು, ಪರ್ಲ್ಸ್ ನೋಡಿಯೇ ಬರೆದಿದ್ದೇನೆ. ಮೊದಲ ಐದನ್ನು ನನ್ನ ಖರ್ಚಿನಲ್ಲೇ ಐಎಚ್‌ಸಿಗೆ ಕಳಿಸಿದೆ. ಐದೂ ಸರಿ. ನಕ್ಕವರಲ್ಲಿ ಒಬ್ಬರು ಈಗ ತಮ್ಮ ಸ್ಲೈಡನ್ನು ನನಗೆ ಕಳಿಸ್ತಾರೆ. ಒಂದನ್ನು ಮಾತ್ರ ನಾನು ಬರೆಯಲಿಲ್ಲ. ಅಂಚು ಕೊಬ್ಬಿನೊಳಗೆ ಜೇನುಗೂಡಿನ ಹಾಗೆ ಹರಡಿತ್ತು. ಐಎಚ್‌ಸಿಯಲ್ಲಿ ಸಿಡಿ34 ಮಾರ್ಕರ್ ಪೂರ್ತಿ ಪಾಸಿಟಿವ್, ಅಂದರೆ ಡಿಎಫ್‌ಎಸ್‌ಪಿ (ಆಳಕ್ಕೆ ಹರಡುವ ಚರ್ಮದ ಕ್ಯಾನ್ಸರ್). ಅಂಥಲ್ಲಿ ದುಡ್ಡಿನ ಮುಖ ನೋಡಬೇಡಿ. ಇನ್ನೊಂದು ಗಂಟು ವರ್ಷದೊಳಗೆ ಮತ್ತೆ ಬಂತು. ಅನ್ಯೂರಿಸ್ಮಲ್ ಬಗೆ ಸಾದಾ ಡರ್ಮಟೋಫೈಬ್ರೋಮಾಗಿಂತ ಜಾಸ್ತಿ ಮರುಕಳಿಸುತ್ತೆ. ಈಗ ವರದಿಯಲ್ಲಿ ಗಂಟು ಸರ್ಜನ್ ಕತ್ತರಿಸಿದ ಅಂಚನ್ನು ಮುಟ್ಟಿದೆಯೋ ಇಲ್ಲವೋ ತಪ್ಪದೆ ಬರೀತೀನಿ.

ಸುಮ್ನೆ ಇರಲಾರದೆ ಪೋಲರಾಯ್ಡ್ (ಒಂದೇ ದಿಕ್ಕಿನ ಬೆಳಕನ್ನು ಬಿಡುವ ಗಾಜು) ಪ್ರಯೋಗವನ್ನೂ ಮಾಡಿದೆ. ತಂಪು ಕನ್ನಡಕದ ಗಾಜು ಕಿತ್ತು ಒಂದನ್ನು ಸ್ಲೈಡಿನ ಕೆಳಗೆ, ಇನ್ನೊಂದನ್ನು ಐಪೀಸ್ ಮೇಲೆ ಇಟ್ಟೆ. ಡರ್ಮಟೋಫೈಬ್ರೋಮಾ ಅಂಚಿನ ಕೊಲಾಜನ್ ದೀಪಾವಳಿ ಥರ ಹೊಳೆಯಿತು, ಆ ಡಿಎಫ್‌ಎಸ್‌ಪಿಯಲ್ಲಿ ಮಂಕಾಗಿತ್ತು. ಎರಡು ಮೂರು ಸ್ಲೈಡ್ ನೋಡಿ ನಂಬೋ ಹಾಗಿಲ್ಲ. ಕನ್ನಡಕ ಯಜಮಾನರದ್ದು, ಅವರಿಗೆ ಇನ್ನೂ ಹೇಳಿಲ್ಲ.